ಕೆಂಪರಾಜು ಹಾಕಿದ ಬೀಗ

ಉಡಿದಾರಕ್ಕೆ ಕತ್ತರಿ ಹಾಕುತ್ತಲೇ ಬೀಗದ ಕೈಯೊಂದು ಕಲ್ಲಿನ ಮೇಲೆ ಟಣ್ಣೆಂದು ಬಿತ್ತು. ತಮ್ಮನ ಹೆಣಕ್ಕೆ ನೀರು ಹುಯ್ಯುತ್ತಿದ್ದ ರಾಮಲಿಂಗಯ್ಯ ಚೊಂಬನ್ನು ಹಾಗೇ ಹಿಡಿದು ನಿಂತರು.

"ಇದೇನ್ಲಾ ಇದು? ಸೊಂಟಕ್ಕೆ ಬೀಗದ ಕೈ ಕಟ್ಕೊಂಡವ್ನೆ?"

"ಆಫೀಸಿಂದು ಭಾವ," ಎಂದಳು ಲತಾಮಣಿ, ಮರೆಗೆ ಹಿಡಿದಿದ್ದ ಸೀರೆಯ ಆಚೆಯಿಂದ. "ಕಂಪ್ಯೂಟರ್ ರೂಮಿಂದು. ಮನಿಕ್ಕೊಳ್ಳಾಗ್ಲೂ ಬಿಚ್ತಿರ್ಲಿಲ್ಲ. ಕೊಡಿ ಇಲ್ಲಿ."

ಒದ್ದೆ ಬೀಗದ ಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಗಂಡ ಸತ್ತದ್ದು ನಿನ್ನೆ ಮಧ್ಯಾಹ್ನ, ಕನಕಪುರದ ಆಸ್ಪತ್ರೆಯಲ್ಲಿ. ಎದೆ ಹಿಡಿದುಕೊಂಡಿತು ಎಂದು ಸಂಘದ ಆಫೀಸಿನಿಂದಲೇ ಆಟೋದಲ್ಲಿ ಹಾಕಿಕೊಂಡು ಹೋಗಿದ್ದರು. ದೂರದ ನೆಂಟರು ಬರಲೆಂದು ಮಣ್ಣನ್ನು ಇವತ್ತಿಗೆ ಇಟ್ಟುಕೊಂಡಿದ್ದರು. ಕೋಡಿಹಳ್ಳಿ ದಾಟಿ ಮೂರು ಮೈಲಿ ಒಳಗಿನ ಆ ಊರಿನಲ್ಲಿ ಹತ್ತು ಗಂಟೆಯ ಬಿಸಿಲು ಆಗಲೇ ಸುಡುತ್ತಿತ್ತು.

ಕೆಂಪರಾಜುವಿಗೆ ಹೊಸ ಪಂಚೆ ಉಡಿಸಿ, ತಲೆಗೆ ರುಮಾಲು ಸುತ್ತಿ, ಜಗಲಿಯ ಗೋಡೆಗೆ ಒರಗಿಸಿ ಕೂರಿಸುವ ಹೊತ್ತಿಗೆ ಬೀದಿಯಲ್ಲಿ ಕಾರು ನಿಂತಿತು. ರೇಷ್ಮೆ ಬೆಳೆಗಾರರ ಸಂಘದ ಕಾರ್ಯದರ್ಶಿ ಮುನಿರಾಮಯ್ಯ ಇಳಿದರು. ಅವರ ಕೈಯಲ್ಲಿ ಹಾರವಿರಲಿಲ್ಲ, ಫೋನಿತ್ತು. ಹಿಂದೆಯೇ ಸ್ಕೂಟಿಯಲ್ಲಿ ಸಂಘದ ಕಂಪ್ಯೂಟರ್ ಹುಡುಗಿ ಕುಸುಮ ಬಂದಳು. ಹಾರ ಅವಳ ಕೈಯಲ್ಲಿತ್ತು.

ಮುನಿರಾಮಯ್ಯ ಹೆಣಕ್ಕೆ ಕೈಮುಗಿದರು. ಮುಗಿದ ಕೈ ಇಳಿಸುವ ಮೊದಲೇ ಲತಾಮಣಿಯ ಕಡೆ ತಿರುಗಿದರು.

"ಅಮ್ಮಾ, ಇಂಥಾ ಹೊತ್ನಲ್ಲಿ ಕೇಳಬಾರ್ದು, ಗೊತ್ತು. ಕೆಂಪರಾಜು ಪಾಸ್‌ವರ್ಡು ಏನಾರ ಹೇಳಿದ್ನಾ ನಿಮ್ಗೆ?"

"ಏನು ವರ್ಡು?"

"ಕಂಪ್ಯೂಟರ್ ಒಳಕ್ಕೆ ಹೋಗೋ ಮಾತು. ಬೆಳಿಗ್ಗೆಯಿಂದ ಆಫೀಸಲ್ಲಿ ಒಂದು ಮಿಷಿನ್ನೂ ಒಳಕ್ಕೆ ಬುಡ್ತಿಲ್ಲ. ನಲವತ್ತು ಜನ ಚಾಕಿ ಹುಳ, ನಾವು ಸಾಕಿರೋ ರೇಷ್ಮೆ ಮರಿಹುಳ, ತಗೊಂಡೋಗಕ್ಕೆ ಬಂದು ನಿಂತವ್ರೆ. ಹುಳ ಎರಡನೇ ಜ್ವರ ಎದ್ದು, ಪೊರೆ ಬುಟ್ಟು ಬಾಯಿ ತೆಗ್ದವೆ, ಸಂಜೆಯೊಳ್ಗೆ ಅವ್ರವ್ರ ಮನೆ ಸೇರಿ ಸೊಪ್ಪು ಕಾಣ್ಬೇಕು. ಯಾರ್ಗೆ ಎಷ್ಟು ಅನ್ನೋ ಪಟ್ಟಿ ಕಂಪ್ಯೂಟರ್‌ನಲ್ಲೈತೆ. ಬಾಯಲ್ಲಿ ಕೇಳಿದ್ರೆ ಒಬ್ಬೊಬ್ನೂ ಇನ್ನೂರು ಮೊಟ್ಟೆ ಹುಳ ಬರ್ಸಿದ್ದೆ ಅಂತಾನೆ. ನೂರು ಬರ್ಸಿದ್ದೆ ಅನ್ನೋನು ಒಬ್ನೂ ಇಲ್ಲ!"

ಯಾರೋ ನಕ್ಕು, ಹೆಣದ ಮುಂದೆ ಇದ್ದೇವೆಂದು ನೆನಪಾಗಿ ಕೆಮ್ಮಿದರು.

"ಕೆಂಪರಾಜಣ್ಣ ಕವರ್‌ನಲ್ಲಿ ಬರ್ದು ಸೀಲ್ ಮಾಡಿ ಕೊಟ್ಟಿದ್ರಲ್ಲ ಸಾರ್," ಎಂದಳು ಕುಸುಮ ಮೆಲ್ಲಗೆ.

"ಅದನ್ನೇ ಹೇಳ್ತಿರೋದು! ಆ ಕವರ್ ಒಡ್ದೆ. ಅದ್ರಲ್ಲಿರೋದನ್ನ ಹತ್ತು ಸಲ ಒತ್ತಿದ್ವಿ. ಆಗಲ್ಲ ಅಂತೈತೆ. ಅಂದ್ರೇನರ್ಥ? ಕವರ್ ಕೊಟ್ಟಾದ್ಮೇಲೆ ಬದಲಾಯ್ಸವ್ನೆ." ಬೆಳಗಿನಿಂದ ನಲವತ್ತು ಜನರ ಬಾಯಿಗೆ ಸಿಕ್ಕಿ ಬಂದ ಮನುಷ್ಯ ಅವರು. ದನಿ ತಾನಾಗಿ ಏರಿತು. "ಹೋದ ವಾರ ನನ್ ಜೊತೆ ಜಗಳ ಆಡಿದ್ದ. ಆ ಸಿಟ್ಗೆ ಬೇಕಂತ್ಲೇ ಬೀಗ ಜಡ್ದು ಹೋಗವ್ನೆ. ಸಂಘದ ಅನ್ನ ತಿಂದು ಸಂಘಕ್ಕೇ ಮೋಸ ಮಾಡವ್ನೆ!"

ತಮಟೆಯವನು ಕೋಲು ಎತ್ತಿದವನು ಹೊಡೆಯಲಿಲ್ಲ. ಚಪ್ಪರದ ಕೆಳಗಿದ್ದ ಅರವತ್ತು ಎಪ್ಪತ್ತು ಜನಕ್ಕೂ ಆ ಮಾತು ಕೇಳಿಸಿತ್ತು.

ರಾಮಲಿಂಗಯ್ಯ ಮುಂದೆ ಬಂದರು. "ಯೋ, ಸೆಕ್ರೆಟ್ರಿ. ಸತ್ತೋನ ಮುಂದೆ ಏನು ಮಾತಾಡ್ತಿದ್ದೀಯ?"

"ಭಾವ, ಸುಮ್ಕಿರಿ," ಎಂದಳು ಲತಾಮಣಿ. ಬೆಳಗಿನಿಂದ ಅತ್ತಿರದ ಕಣ್ಣು ಅವಳದು. "ಸಾಹೇಬ್ರೆ, ನೀವಂದಿದ್ದು ನಿಜ ಆದ್ರೆ ನಂಗೆ ಗೊತ್ತಾಗ್ಬೇಕು. ಸುಳ್ಳಾದ್ರೆ ಇಲ್ಲೇ, ಇದೇ ಜನದ ಮುಂದೆ ವಾಪಸ್ ತಗೋಬೇಕು. ಅಲ್ಲೀಗಂಟ ಇವ್ರನ್ನ ಎತ್ತಕ್ಕೆ ನಾನು ಬುಡಕ್ಕಿಲ್ಲ."

"ಹೊತ್ತು ಮುಳುಗೋದ್ರೊಳ್ಗೆ ಮಣ್ಣು ಮಾಡ್ಬೇಕು ಕಣವ್ವ," ಎಂದರು ಒಬ್ಬ ಹಿರಿಯರು.

"ಹಂಗಾದ್ರೆ ಬೇಗ ಹೋಗಿ ನೋಡ್ಕೊಂಡು ಬರ್ಲಿ."

ಸೆರಗಿನ ಗಂಟು ಬಿಚ್ಚಿ ಬೀಗದ ಕೈ ತೆಗೆದಳು. ಮುನಿರಾಮಯ್ಯ ಕೈ ಚಾಚಿದರು. ಲತಾಮಣಿ ಅವರನ್ನು ದಾಟಿ ಹೋಗಿ ಅದನ್ನು ಕುಸುಮಳ ಅಂಗೈಯಲ್ಲಿಟ್ಟಳು.

"ನೀನು ನೋಡು. ಏನಿದ್ರೂ ಇದ್ದಂಗೆ ಹೇಳು ನಂಗೆ. ನನ್ ಮನಸ್ಸಿಗೆ ನೋವಾಗ್ತದೆ ಅಂತ ಒಂದಕ್ಷರ ಬದಲಾಯ್ಸಬೇಡ."

ಆಮೇಲೆ ಹೋಗಿ ಗಂಡನ ಪಕ್ಕದಲ್ಲೇ ಕೂತಳು, ಆದರೆ ಮುಖವನ್ನು ಬೀದಿಯ ಕಡೆ ತಿರುಗಿಸಿಕೊಂಡು.

* * *

ಎಂಟು ದಿನದ ಹಿಂದೆ ಕೆಂಪರಾಜು ಮನೆಗೆ ಬಂದವನು ತಟ್ಟೆಯ ಮುಂದೆ ಕೂತು ಮುದ್ದೆಯನ್ನು ಮುರಿಯದೆ ನೋಡುತ್ತಿದ್ದ.

"ಉಣ್ಣು. ಆರೋಯ್ತದೆ," ಎಂದಿದ್ದಳು ಲತಾಮಣಿ.

"ಮೂರು ಮೀಟಿಂಗಲ್ಲಿ ಕೇಳ್ದೆ ಕಣೆ. ಆ ಪೆಟ್ಟಿಗೆ ಬಿಚ್ಚಿ ಒಂದು ಸಣ್ಣ ಸಾಮಾನು ಹಾಕ್ಬೇಕು, ಅರ್ಧ ದಿನ ಆಫೀಸು ನಿಲ್ಸಿ ಅಂದೆ. ಮುಂದಿನ ಮೀಟಿಂಗ್‌ಗೆ ಆಗ್ಲಿ ಅಂತಾರೆ. ಇವತ್ತು ಮುನಿರಾಮಯ್ಯ, 'ನಡೀತಿರೋದನ್ನ ಯಾಕ್ಲಾ ಬಿಚ್ತೀಯ, ನಿಂಗೇನು ಬೇರೆ ಕಸುಬಿಲ್ವಾ' ಅಂದ. ಎಲ್ರೂ ನಕ್ರು."

"ನಗ್ಲಿ ಬುಡು."

"ಬುಟ್ಟೆ. ಇನ್ ಕೇಳಕ್ಕಿಲ್ಲ." ತಟ್ಟೆಯನ್ನು ಪಕ್ಕಕ್ಕೆ ತಳ್ಳಿದ. "ನಾನಿಲ್ದಿದ್ ದಿನ ಗೊತ್ತಾಯ್ತದೆ ಇವ್ರಿಗೆ."

ಆ ಕೊನೆಯ ಮಾತನ್ನು ಹೇಳುವಾಗ ಅವನು ಒಂದು ಥರ ನಕ್ಕಿದ್ದ. ಇಪ್ಪತ್ತಾರು ವರ್ಷ ಸಂಸಾರ ಮಾಡಿದವಳಿಗೂ ಆ ನಗು ಹೊಸದು. ಈಗ ಜನ ಬಂದು ಬಂದು ಕಾಲು ಮುಟ್ಟಿ ಹೋಗುತ್ತಿರುವಾಗ ಅವಳ ಕಣ್ಣಿಗೆ ಕಟ್ಟುತ್ತಿದ್ದುದು ಅದೊಂದೇ. ಬೇರೆಯವರು ಮೋಸಗಾರ ಎಂದರೆ ಜಗಳ ಆಡಬಹುದು. ತನಗೇ ಅನುಮಾನ ಬಂದರೆ ಯಾರ ಜೊತೆ ಆಡುವುದು?

* * *

ಸಂಘದ ಅಂಗಳದಲ್ಲಿ ಗಲಾಟೆ ಬೀದಿಯವರೆಗೂ ಕೇಳುತ್ತಿತ್ತು. ಹುಳದ ಮನೆಯ ಬಾಗಿಲಿಗೆ ಅಡ್ಡ ಬೆಂಚು ಹಾಕಿಕೊಂಡು ಕಾವಲುಗಾರ ಮಂಚಯ್ಯ ಕೂತಿದ್ದ.

"ಬಂದ್ಳು ಬಂದ್ಳು," ಎಂದು ಒಬ್ಬ ಕೂಗಿದ. "ಏನವ್ವ, ಸತ್ತೋನು ಬಾಯಿ ಬಿಟ್ನಾ?"

"ನಿನ್ ಬಾಯಿ ಒಸಿ ಮುಚ್ಚಣ್ಣ ನೀನು," ಎಂದು ಕುಸುಮ ಸ್ಕೂಟಿಗೆ ಸ್ಟ್ಯಾಂಡ್ ಹಾಕಿದಳು.

ಒಳಗೆ ಮುನಿರಾಮಯ್ಯನವರ ಮೇಜಿನ ಮುಂದೆ ವಾಸಿಂ ಕೂತಿದ್ದ. ಬಸ್ ಸ್ಟ್ಯಾಂಡ್ ಪಕ್ಕದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವನು. ಕಾರ್ಯದರ್ಶಿಗಳೇ ಕರೆಸಿ ಕೂರಿಸಿ ಹೋಗಿದ್ದರು.

"ಬೆಂಗಳೂರಿನ ಕಂಪ್ನಿಗೆ ಫೋನ್ ಮಾಡ್ದೆ ಸಾರ್," ಎಂದ ವಾಸಿಂ, ಕುಸುಮಳ ಹಿಂದೆಯೇ ಒಳಗೆ ಬಂದ ಮುನಿರಾಮಯ್ಯನವರಿಗೆ. "ಇದನ್ನ ಕೂರ್ಸಿದ್ದು ಅವ್ರೇ ಅಲ್ವಾ. ಕಂಪ್ಲೇಂಟ್ ಬರ್ಸಿ, ನಾಡಿದ್ದು ನೋಡ್ತೀವಿ ಅಂದ್ರು. ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಇಲ್ದಿದ್ರೆ ಎಲ್ಲಾ ಅಳಿಸಿ ಹೊಸದಾಗಿ ಹಾಕ್ಬೇಕಂತೆ."

"ಎಲ್ಲಾ ಅಂದ್ರೆ?"

"ಎಲ್ಲಾ ಅಂದ್ರೆ ಎಲ್ಲಾ."

ಮುನಿರಾಮಯ್ಯ ಕುರ್ಚಿಯಲ್ಲಿ ಕುಸಿದರು. ಕುಸುಮ ಮೇಜಿನ ಮೇಲೆ ಒಡೆದು ಬಿದ್ದಿದ್ದ ಕವರನ್ನು ಎತ್ತಿಕೊಂಡಳು. ಒಳಗಿನ ಕಾಗದದಲ್ಲಿ ಕೆಂಪರಾಜುವಿನ ದುಂಡು ಅಕ್ಷರ. ಒಂದೊಂದು ಅಕ್ಷರಕ್ಕೂ ನಡುವೆ ಜಾಗ ಬಿಟ್ಟು, ಯಾರಿಗೂ ತಪ್ಪಾಗದಂತೆ ಬರೆದಿದ್ದ. ಅದನ್ನು ನೋಡಿಕೊಂಡು ಒಂದೊಂದಾಗಿ ಒತ್ತಿದಳು. ತೆರೆಯ ಮೇಲೆ ಇಂಗ್ಲಿಷಿನಲ್ಲಿ ಎರಡು ಸಾಲು ಮೂಡಿತು.

"ನೋಡ್ದಾ, ಆಗಲ್ಲ ಅಂತೈತೆ," ಎಂದರು ಮುನಿರಾಮಯ್ಯ.

"ಪಾಸ್‌ವರ್ಡ್ ತಪ್ಪು ಅಂತ ಬರ್ದಿಲ್ಲ ಸಾರ್," ಎಂದಳು ಕುಸುಮ, ತೆರೆಗೆ ಮುಖ ಹತ್ತಿರ ತಂದು. "ಟೈಮು, ಡೇಟು, ಏನೋ ವ್ಯತ್ಯಾಸ ಅಂತೈತೆ."

"ಟೈಮಾ?" ವಾಸಿಂ ಬಗ್ಗಿ ಓದಿದ. ನಾಲಿಗೆ ಕಚ್ಚಿಕೊಂಡ. "ಅರೆ. ಬೆಳಿಗ್ಗೆಯಿಂದ ಬರ್ತಾ ಐತೆ, ಓದೇ ಇಲ್ಲ. ಕೆಂಪಗೆ ಬಂತು ಅಂದ್ರೆ ತಪ್ಪು ಅಂತ ಮತ್ತೆ ಒತ್ತೋದು, ಮತ್ತೆ ಒತ್ತೋದು."

ಕುಸುಮ ಬೀಗದ ಕೈಯನ್ನು ಹಿಡಿದು ಎದ್ದಳು.

* * *

ಕೆಂಪರಾಜು ಸಂಘಕ್ಕೆ ಸೇರಿದ್ದು ತೂಕ ಹಾಕುವವನಾಗಿ. ಎಸ್ಸೆಸ್ಸೆಲ್ಸಿ ಪಾಸು, ಅಷ್ಟೇ. ಬೆಂಗಳೂರಿನವರು ಕಂಪ್ಯೂಟರ್ ತಂದ ದಿನ ಪೆಟ್ಟಿಗೆಗಳನ್ನು ಇಳಿಸಿದವನು, ಅವರು ಮಾಡುವುದನ್ನು ನೋಡುತ್ತ ಅಲ್ಲೇ ನಿಂತುಬಿಟ್ಟ. ನಾಲ್ಕು ದಿನ ಅವರಿಗೆ ಊಟ, ಕಾಫಿ ತಂದುಕೊಟ್ಟು ಒಂದೊಂದೇ ಕೇಳಿಕೊಂಡ. ಹೋಗುವಾಗ ಅವರು, ಇಲ್ಲಿ ಯಾರಾದರೂ ನೋಡಿಕೊಳ್ಳುವವರು ಬೇಕು ಎಂದಾಗ ಎಲ್ಲರೂ ಕೆಂಪರಾಜುವಿನ ಮುಖ ನೋಡಿದ್ದರು. ಆಗ ಅವನಿಗೆ ನಲವತ್ತು ದಾಟಿತ್ತು.

ಕುಸುಮ ಕೆಲಸಕ್ಕೆ ಸೇರಿದ ತಿಂಗಳು, ಒಂದು ಸಂಜೆ ಅವಳನ್ನು ಆ ರೂಮಿಗೆ ಕರೆದುಕೊಂಡು ಹೋಗಿದ್ದ. ಬೀರುವಿನಷ್ಟು ಎತ್ತರದ ಕಬ್ಬಿಣದ ಚೌಕಟ್ಟಿನಲ್ಲಿ ಒಂದೇ ಒಂದು ಪೆಟ್ಟಿಗೆ ಗುಯ್ಯೆನ್ನುತ್ತಿತ್ತು.

"ಇದು ಒಂದೇ ಥರ ಕಾಣ್ತದೆ ಅಲ್ವಾ? ಇದ್ರೊಳ್ಗೆ ಮೂರು ಕಂಪ್ಯೂಟರ್ ಅವೆ."

"ಎಲ್ಲಿ?"

"ಕಣ್ಣಿಗೆ ಕಾಣಕ್ಕಿಲ್ಲ. ಒಂದೇ ಸೂರಿನ ಕೆಳ್ಗೆ ಅಣ್ಣತಮ್ಮಂದಿರು ಮೂರು ಒಲೆ ಹೂಡ್ದಂಗೆ. ಅದ್ರಲ್ಲಿ ಒಬ್ಬ ಯಜಮಾನ. ಡೊಮೇನ್ ಕಂಟ್ರೋಲರ್ ಅಂತಾರೆ. ಆಫೀಸಲ್ಲಿ ಯಾರು ಯಾವ ಮಿಷಿನ್‌ನಲ್ಲಿ ಪಾಸ್‌ವರ್ಡ್ ಒತ್ತಿದ್ರೂ ಈ ಯಜಮಾನ ಹೂಂ ಅನ್ಬೇಕು. ಅಡ್ಮಿನಿಸ್ಟ್ರೇಟರ್ ಆದ್ರೂ ಅಷ್ಟೇ, ಸೆಕ್ರೆಟ್ರಿ ಆದ್ರೂ ಅಷ್ಟೇ."

"ಅನ್ದಿದ್ರೆ?"

"ಬೀದೀಲಿ ನಿಂತ್ಕೋಬೇಕು. ಇವ್ನಿಗೊಂದು ಗುಣ ಐತೆ. ಗಡಿಯಾರ ನೋಡ್ತಾನೆ. ನಿನ್ ಮಿಷಿನ್ ಟೈಮಿಗೂ ಇವ್ನ ಟೈಮಿಗೂ ಐದು ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸ ಬಂತೋ, ಸರಿಯಾದ ಪಾಸ್‌ವರ್ಡ್ ಕೊಟ್ರೂ ನಂಬಕ್ಕಿಲ್ಲ. ಆದ್ರೆ ಇವ್ನಿಗೆ ಸ್ವಂತ ಗಡಿಯಾರ ಇಲ್ಲ ಕಣವ್ವ. ಈ ಮೂರನ್ನೂ ಹೊತ್ತಿರೋ ಹೊರಗಿನ ಪೆಟ್ಟಿಗೆ ಏನ್ ಹೇಳ್ತದೋ ಅದೇ ಟೈಮು. ಆ ಪೆಟ್ಟಿಗೆದೋ…"

"ಅಣ್ಣ, ಐದೂವರೆ ಬಸ್ಸು," ಎಂದಿದ್ದಳು ಕುಸುಮ.

"ಹೋಗು ಹೋಗು. ನಾಳೆ ಹೇಳ್ತೀನಿ."

ಆ ನಾಳೆ ಬಂದಿರಲಿಲ್ಲ. ಅವನು ಮತ್ತೆರಡು ಸಲ ಶುರು ಮಾಡಿದಾಗಲೂ ಅವಳಿಗೆ ಬಸ್ಸಿತ್ತು.

* * *

ರೂಮಿನ ಬಾಗಿಲು ತೆರೆದ ಕೂಡಲೇ ಎದುರಿಗೆ ಕಂಡದ್ದು ಒಂದು ರಟ್ಟು. ಪೆಟ್ಟಿಗೆಗೆ ಅಂಟಿಸಿದ್ದ ಅದರ ಮೇಲೆ ಅದೇ ದುಂಡು ಅಕ್ಷರ: "ಇದನ್ನು ಯಾವ ಕಾರಣಕ್ಕೂ ಪೂರ್ತಿ ಆರಿಸಬಾರದು. ಆರಿಸಲೇಬೇಕಾದರೆ ಮೊದಲು ನನಗೆ ಫೋನ್ ಮಾಡಿ. ಇಂತಿ, ಕೆಂಪರಾಜು." ಕೆಳಗೆ ಅವನ ನಂಬರು.

"ಬರ್ದು ಬೀಗ ಹಾಕಿ ಒಳ್ಗಿಟ್ರೆ ಯಾರು ಓದ್ಬೇಕು?" ಎಂದರು ಮುನಿರಾಮಯ್ಯ, ಹಿಂದಿನಿಂದ ಇಣುಕಿ.

ಕುಸುಮ ಅಲ್ಲಿದ್ದ ಪುಟ್ಟ ತೆರೆಯನ್ನು ಹಚ್ಚಿದಳು. ಇಲ್ಲಿ ಕೂತರೆ ಯಜಮಾನನ ಎದುರಿಗೇ ಕೂತಂತೆ. ಕವರಿನ ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು ಬೆರಳನ್ನು ಲಂಗದಂಚಿಗೆ ಒರೆಸಿಕೊಂಡಳು. ಇಲ್ಲೂ ಆಗದಿದ್ದರೆ ಅಣ್ಣನೇ ಬದಲಾಯಿಸಿದ್ದು ಎಂದಾಯಿತು. ಇದ್ದಂಗೆ ಹೇಳು ಎಂದಿದ್ದಾಳೆ ಲತಾಮಣಿ. ಅದನ್ನು ಹೇಗೆ ಹೇಳುವುದು?

ಒತ್ತಿದಳು. ಕೊನೆಯ ಅಕ್ಷರದ ಮೇಲೆ ಬೆರಳು ಒಂದು ಗಳಿಗೆ ನಿಂತಿತು. ತೆರೆ ಕಪ್ಪಾಯಿತು. ಚಕ್ರ ತಿರುಗಿತು. ತಿರುಗುತ್ತಲೇ ಇತ್ತು.

"ಹೋಯ್ತಾ?" ಎಂದ ವಾಸಿಂ.

ನೀಲಿ ತೆರೆ ಬಿಚ್ಚಿಕೊಂಡಿತು.

"ಒಳಕ್ಕೆ ಬಂತು," ಎಂದಳು. "ಕವರಿಂದೇ ಸಾರ್. ಅಣ್ಣ ಏನೂ ಬದಲಾಯ್ಸಿಲ್ಲ."

ಮುನಿರಾಮಯ್ಯ ಬಾಗಿಲ ಚೌಕಟ್ಟು ಹಿಡಿದುಕೊಂಡರು. "ಮತ್ತೆ ನನ್ ಮೇಜಿನ ಮೇಲೆ ಯಾಕಾಗ್ಲಿಲ್ಲ?"

"ಅಕ್ಕ, ಮೂಲೇಲಿ ನೋಡಿ," ಎಂದು ವಾಸಿಂ ತೆರೆಯ ಮೇಲೆ ಬೆರಳಿಟ್ಟ. ಅಲ್ಲಿನ ತಾರೀಕು ಜನವರಿ ಒಂದಾಗಿತ್ತು. ವರ್ಷ, ಸಂಘಕ್ಕೆ ಕಂಪ್ಯೂಟರ್ ಬರುವುದಕ್ಕೂ ಹಿಂದಿನದು. "ಇದು ಯಾವ್ದೋ ಕಾಲದಲ್ಲೈತೆ. ಆಫೀಸಿನ ಮಿಷಿನ್‌ಗಳು ಇವತ್ತಿನ ತಾರೀಕು ತೋರಿಸ್ತವೆ. ಈ ಪೆಟ್ಟಿಗೆ ಒಳ್ಗೆ ಅಂಗಿ ಗುಂಡಿಯಷ್ಟು ಒಂದು ಬ್ಯಾಟ್ರಿ ಇರ್ತದೆ, ಕರೆಂಟ್ ಹೋದ್ರೂ ಟೈಮು ನೆನಪಿಟ್ಕೊಳ್ಳಕ್ಕೆ. ಅದು ಸತ್ತೋಗೈತೆ. ಸತ್ರೂ ಪೆಟ್ಟಿಗೆ ಆರೋವರ್ಗೂ ಗೊತ್ತಾಗಲ್ಲ. ಇದನ್ನ ಯಾರೋ ಪೂರ್ತಿ ಆರ್ಸವ್ರೆ."

ಅರ್ಧ ದಿನ ಆಫೀಸು ನಿಲ್ಲಿಸಿ ಎಂದು ಕೆಂಪರಾಜು ಮೂರು ಮೀಟಿಂಗಿನಲ್ಲಿ ಕೇಳಿದ್ದು ಈ ಗುಂಡಿ ಬ್ಯಾಟರಿಗಾಗಿ. ಕುಸುಮ ಬಾಗಿಲಿಗೆ ಬಂದು ಮಂಚಯ್ಯನನ್ನು ಕೂಗಿದಳು.

"ಮಂಚಣ್ಣ, ನಿನ್ನೆ ಇಲ್ಲಿ ಕರೆಂಟ್ ಹೋಗಿತ್ತಾ?"

"ಇಲ್ವಲ್ಲ. ನಾನೇ ಮೇನು ಆರಿಸ್ದೆ. ಬೆಳಿಗ್ಗೆ ಹಾಕ್ದೆ."

"ಯಾಕೆ ಆರಿಸ್ದೆ? ಯಾವ ರಜಕ್ಕೂ ಆರ್ಸಲ್ಲ ನೀನು!"

ಮಂಚಯ್ಯ ತಲೆ ಕೆರೆದುಕೊಂಡು ಕಾರ್ಯದರ್ಶಿಯ ಕಡೆ ನೋಡಿದ. "ಸಾಹೇಬ್ರೇ ಅಂದ್ರಲ್ಲ. ಆಸ್ಪತ್ರೆಯಿಂದ ಬಂದ್ರಾ, ಇಲ್ಲೇ ಮೆಟ್ಲ ಮೇಲೆ ಕೂತು ಅಳ್ತಿದ್ರು. 'ಕೆಂಪರಾಜು ಹೋಗ್ಬುಟ್ಟ ಕಣೋ, ಇವತ್ತು ಈ ಆಫೀಸಲ್ಲಿ ಒಂದು ದೀಪಾನೂ ಉರೀಬಾರ್ದು, ಮೇನೇ ಆರ್ಸು' ಅಂದ್ರು. ಒಳ್ಗೆ ಯುಪಿಎಸ್ ಬ್ಯಾಟ್ರಿ ಪೆಟ್ಟಿಗೆ ಸಂಜೆಗಂಟ ಕುಯ್ ಕುಯ್ ಅಂತಿತ್ತು. ಆಮೇಲೆ ಅದೂ ಸುಮ್ಕಾಯ್ತು."

ಅಂಗಳದಲ್ಲಿ ಒಬ್ಬ, "ಹುಳ ಸತ್ರೆ ನಿಮ್ಮೆಲ್ರ ಮನೆ ಮುಂದೆ ತಂದು ಸುರೀತೀನಿ," ಎಂದು ಕೂಗುತ್ತಿದ್ದ.

ಮುನಿರಾಮಯ್ಯ ಕನ್ನಡಕ ತೆಗೆದು ಒರೆಸತೊಡಗಿದರು. ಬಹಳ ಹೊತ್ತು ಒರೆಸಿದರು.

ವಾಸಿಂ ಅಂಗಡಿಗೆ ಓಡಿ ಬ್ಯಾಟರಿ ತಂದ. ಪೆಟ್ಟಿಗೆಯನ್ನು ಬಿಚ್ಚಿದರೆ ಸ್ಕ್ರೂ ಒಂದು ತಿರುಗದು. ತಿರುಗಿದ್ದು ಕೆಳಗೆ ಬಿದ್ದು ಸಿಗದು. ಹೊರಗಿನ ಪೆಟ್ಟಿಗೆಗೆ ಸರಿಯಾದ ತಾರೀಕು ಕೊಟ್ಟು ಹಚ್ಚಿದರೆ ಒಳಗಿನ ಮೂರೂ ಎದ್ದು ಕೂರಲು ಮುಕ್ಕಾಲು ಗಂಟೆ ಹಿಡಿಯಿತು. ಕೊನೆಗೆ ಮುನಿರಾಮಯ್ಯನವರ ಮೇಜಿನ ಮೇಲೆ ಅದೇ ಪಾಸ್‌ವರ್ಡು ಒಂದೇ ಏಟಿಗೆ ಒಳಗೆ ಬಿಟ್ಟಿತು. ಪಟ್ಟಿ ಅಚ್ಚಾಗಿ ಬಂದಾಗ ಮೂರು ಗಂಟೆ ಹತ್ತು ನಿಮಿಷ. ಇನ್ನೂರು ಮೊಟ್ಟೆ ಬರೆಸಿದ್ದವರು ಆರೇ ಜನ.

"ಮಂಚಯ್ಯ, ಇದನ್ನ ನೋಡ್ಕೊಂಡು ಹಂಚು," ಎಂದರು ಮುನಿರಾಮಯ್ಯ. ಕಾರಿನವರೆಗೆ ಹೋಗಿ ನಿಂತರು. "ಕುಸುಮ, ಅಲ್ಲಿ ಹೋಗಿ ಏನಂತ ಹೇಳ್ಲಿ ನಾನು?"

"ಆಗಿದ್ದನ್ನ ಹೇಳಿ ಸಾರ್."

"ನೀನೇ ಒಸಿ ಹೇಳ್ಬುಡೆ. ನಿಂಗೆ ಕಂಪ್ಯೂಟರ್ ವಿಷ್ಯ ಗೊತ್ತು."

"ಬೆಳಿಗ್ಗೆ ಅಂದಿದ್ದು ಕಂಪ್ಯೂಟರ್ ವಿಷ್ಯ ಅಲ್ವಲ್ಲ ಸಾರ್," ಎಂದು ಅವಳು ಸ್ಕೂಟಿ ಹತ್ತಿದಳು.

* * *

ಅವರು ಊರು ಮುಟ್ಟಿದಾಗ ಇಳಿಬಿಸಿಲು ಹುಣಸೆಮರದ ನೆತ್ತಿಗೆ ಏರಿತ್ತು. ಚಟ್ಟ ಕಟ್ಟಿ ಮುಗಿದಿತ್ತು. ಹೊಲದಲ್ಲಿ ಗುಂಡಿ ತೋಡಿದವರು ಕೈಕಾಲು ತೊಳೆದುಕೊಂಡು ಬಂದು ಕೂತಿದ್ದರು. ನೆಂಟರು ಎರಡು ಗುಂಪಾಗಿ, ಹೆಂಗಸಿನ ಹಟ ಎಂದು ಒಂದು ಕಡೆ, ಹಟ ಸರಿ ಎಂದು ಒಂದು ಕಡೆ, ತಗ್ಗಿದ ದನಿಯಲ್ಲಿ ಜಗಳವಾಡುತ್ತಿದ್ದರು. ಇವರು ಹೋಗುವಾಗ ಲತಾಮಣಿ ಹೇಗೆ ಕೂತಿದ್ದಳೋ ಹಾಗೇ ಕೂತಿದ್ದಳು, ಬೀದಿಯ ಕಡೆ ಮುಖ ಮಾಡಿ.

ಮುನಿರಾಮಯ್ಯ ಬೂಟು ಬಿಚ್ಚಿ ಚಪ್ಪರದೊಳಗೆ ಬಂದರು.

"ಎಲ್ಲಾ ಸರಿ ಹೋಯ್ತು ಅಮ್ಮಾ," ಎಂದರು. "ಏನೋ ಒಂದು ತಾಂತ್ರಿಕ ತೊಂದ್ರೆ ಆಗಿತ್ತು. ಇಂಥವೆಲ್ಲಾ ಆಯ್ತಿರ್ತವೆ…"

"ಅದು ನಂಗೆ ತಿಳೀದು. ಇವ್ರು ಬದಲಾಯ್ಸಿದ್ರಾ, ಇಲ್ವಾ?"

"ಇಲ್ಲ."

"ಕೇಳಿಸ್ಲಿಲ್ಲ. ಬೆಳಿಗ್ಗೆ ಜೋರಾಗಿ ಅಂದಿದ್ರಿ."

"ಇಲ್ಲ," ಎಂದರು ಮುನಿರಾಮಯ್ಯ ದನಿ ಎತ್ತಿ. ಜನ ಹತ್ತಿರ ಬಂದರು. "ಅವ್ನು ಕೊಟ್ಟಿದ್ ಕವರ್‌ನಲ್ಲಿ ಇದ್ದಿದ್ದು ಸರಿಯಾಗೇ ಇತ್ತು."

"ಮತ್ತೆ ಕೆಡಿಸಿದ್ಯಾರು?"

ಮುನಿರಾಮಯ್ಯ ಕುಸುಮಳ ಕಡೆ ನೋಡಿದರು. ಅವಳು ನೆಲ ನೋಡುತ್ತಿದ್ದಳು. ಗೋಡೆಗೆ ಒರಗಿದ್ದ ಕೆಂಪರಾಜುವಿನ ಕಡೆ ನೋಡಿದರು.

"ನಾನು," ಎಂದರು. "ಆ ಪೆಟ್ಟಿಗೆ ಆರ್ಸಬಾರ್ದಿತ್ತು. ಕೆಟ್ಟೋಗೈತೆ, ಸರಿ ಮಾಡ್ತೀನಿ ಬುಡು ಅಂತ ಮೂರು ಸಲ ಕೇಳಿದ್ದ. ನಾನು ಬುಡ್ಲಿಲ್ಲ, ನಕ್ಕೆ. ಅವ್ನು ಸತ್ತ ಅಂತ ನಿನ್ನೆ ನಾನೇ ಆರ್ಸಿದೆ. ಅವ್ನಿಗೆ ಮರ್ಯಾದೆ ಅಂದ್ಕೊಂಡು ಆರ್ಸಿದೆ ಕಣಮ್ಮ. ಬೆಳಿಗ್ಗೆ ಇಲ್ಲಿ ಬಂದು ಅವ್ನನ್ನೇ ಮೋಸಗಾರ ಅಂದೆ. ತಪ್ಪಾಯ್ತು."

ರಾಮಲಿಂಗಯ್ಯ ಹೆಗಲ ಟವೆಲ್ಲನ್ನು ಕೊಡವಿ ಮತ್ತೆ ಹಾಕಿಕೊಂಡರು. "ಎತ್ತಣ್ವೇನವ್ವ?" ಎಂದರು.

ಲತಾಮಣಿ ತಲೆಯಾಡಿಸಿದಳು. ತಮಟೆ ಶುರುವಾಯಿತು. ಕೆಂಪರಾಜುವನ್ನು ಇಳಿಸಿ ಚಟ್ಟದ ಮೇಲೆ ಮಲಗಿಸಿದರು. ನಾಲ್ಕು ಜನ ಬಗ್ಗಿ ಬಿದಿರಿಗೆ ಕೈ ಹಾಕಿದರು. ಕಾಲಿನ ಕಡೆಯ ಒಂದು ಮೂಲೆಗೆ ಮುನಿರಾಮಯ್ಯ ಹೋದರು. ಅಲ್ಲಿದ್ದ ನೆಂಟ ಒಂದು ಕ್ಷಣ ತಡೆದು, ಪಕ್ಕಕ್ಕೆ ಸರಿದು ಜಾಗ ಕೊಟ್ಟ.

ಆಗ ಲತಾಮಣಿ ಎದ್ದು ಬಂದು ಗಂಡನ ತಲೆಯ ಹತ್ತಿರ ಕುಕ್ಕರಗಾಲಲ್ಲಿ ಕೂತು, ಅವನ ಎದೆಗೆ ಒಂದು ಗುದ್ದು ಗುದ್ದಿದಳು.

"ಊರಿಗೆಲ್ಲಾ ಬಿಡ್ಸಿ ಬಿಡ್ಸಿ ಬರೀತೀಯ. ನಂಗೊಂದು ಮಾತು ಬಿಡ್ಸಿ ಹೇಳಕ್ಕೇನಾಗಿತ್ತು ನಿಂಗೆ? ಅನ್ನ ತಳ್ಬುಟ್ಟು, ನಾನಿಲ್ದಿದ್ ದಿನ ಗೊತ್ತಾಯ್ತದೆ ಅಂತೀಯಲ್ಲ, ಏನಂತ ತಿಳ್ಕೋಬೇಕು ನಾನು? ಬೆಳಿಗ್ಗೆಯಿಂದ ನಿನ್ ಮುಖ ನೋಡಕ್ಕಾಗ್ಲಿಲ್ಲ ನಂಗೆ. ನಿನ್ ಮುಖ ನೋಡಕ್ಕಾಗ್ಲಿಲ್ಲ…"

ತಮಟೆ ತಾನಾಗಿ ನಿಂತಿತು. ಅವಳು ಬೈಯುತ್ತಲೇ ಇದ್ದಳು. ಉಣ್ಣದೆ ಎದ್ದ ಆ ಮುದ್ದೆಯಿಂದ ಹಿಡಿದು ಮದುವೆಯಾದ ವರ್ಷದ ಯಾವುದೋ ಹಬ್ಬದವರೆಗೂ ಹೋದಳು, ಮತ್ತೆ ತಿರುಗಿ ಬಂದಳು. ಬೈಯುತ್ತ ಬೈಯುತ್ತ ಅವನ ರುಮಾಲು ಬಿಚ್ಚಿ ಮತ್ತೆ ಸರಿಯಾಗಿ ಸುತ್ತಿದಳು. ಬಿಸಿಲು ಮರದಿಂದ ಜಾರಿ ಗುಡ್ಡದ ಹಿಂದೆ ಹೋಯಿತು. ಹೊತ್ತಾಯಿತು ಎಂದು ಯಾರೂ ಹೇಳಲಿಲ್ಲ. ಚಟ್ಟದ ನಾಲ್ಕು ಮೂಲೆಯಲ್ಲಿ ಬಿದಿರು ಹಿಡಿದವರು ನಾಲ್ವರೂ, ಬರಿಗಾಲಿನ ಮುನಿರಾಮಯ್ಯನವರೂ ಸೇರಿ, ಬಗ್ಗಿದ ಬೆನ್ನನ್ನು ನೆಟ್ಟಗೆ ಮಾಡದೆ ಹಾಗೇ ಕಾಯುತ್ತ ನಿಂತಿದ್ದರು.